ಸ್ಮರಣ ಸಂಚಿಕೆಗೆ ಬಂದ ರಾಜಕೀಯ ಜಾಹೀರಾತು: ಬೇಡವೆಂದರೆ ಮೊಕದ್ದಮೆ ಬೀಳುತ್ತದೆಯೇ?

ಪ್ರಶ್ನೆ: ನಾನು ನ್ಯೂಜೆರ್ಸಿಯ ಒಂದು ಕನ್ನಡ ಸಂಘದ ಸ್ಮರಣ ಸಂಚಿಕೆ ಸಮಿತಿಯಲ್ಲಿದ್ದೇನೆ. ನಮ್ಮದು 501(ಸಿ)(3) ಅಡಿಯಲ್ಲಿ ತೆರಿಗೆ ವಿನಾಯಿತಿ ಪಡೆದ ಸಂಸ್ಥೆ. ರಾಜ್ಯೋತ್ಸವ ಸಂಚಿಕೆಗೆ ಪ್ರತಿವರ್ಷ ದಂತವೈದ್ಯರು, ರಿಯಲ್ ಎಸ್ಟೇಟ್ ಏಜೆಂಟರು, ದಿನಸಿ ಅಂಗಡಿಯವರು, ಕೇಟರಿಂಗ್‌ನವರು ಜಾಹೀರಾತು ಕೊಡುತ್ತಾರೆ. ಈ ಸಲ ಒಂದು ರಾಜಕೀಯ ಸಂಘಟನೆ ಪೂರ್ಣ ಪುಟದ ಜಾಹೀರಾತಿನ ಜೊತೆಗೆ ಚೆಕ್ಕನ್ನೂ ಕಳಿಸಿದೆ. ಮೇಲೆ ‘ಧಾರ್ಮಿಕ ಉಗ್ರವಾದಕ್ಕೆ ನಮ್ಮ ಊರಿನಲ್ಲಿ ಜಾಗವಿಲ್ಲ’ ಎಂಬ ಸಾಲು. ನಡುವೆ ಬೆಂಕಿಯ ಹಿನ್ನೆಲೆಯಲ್ಲಿ ಒಂದು ಮಸೀದಿಯ ಕಪ್ಪು ನೆರಳುಚಿತ್ರ, ಅದು ಪಕ್ಕದ ಊರಿನ ಮಸೀದಿಯೇ ಎಂದು ನೋಡಿದವರಿಗೆಲ್ಲ ಗೊತ್ತಾಗುತ್ತದೆ. ಅದರ ಕೆಳಗೆ ‘ಇವರಿಗೆ ಹಣ ಎಲ್ಲಿಂದ ಬರುತ್ತಿದೆ?’ ಎಂಬ ಪ್ರಶ್ನೆ. ಕೊನೆಯಲ್ಲಿ ‘ನವೆಂಬರ್‌ನಲ್ಲಿ ಮತ ಹಾಕುವಾಗ ನೆನಪಿರಲಿ’. ಸಮಿತಿಯಲ್ಲಿ ಕೆಲವರು, ‘ನ್ಯೂಯಾರ್ಕ್ ಸಬ್‌ವೇಯಲ್ಲಿ ಇಂಥದ್ದೇ ಪೋಸ್ಟರನ್ನು ಬೇಡವೆಂದದ್ದಕ್ಕೆ ಕೋರ್ಟು ಛೀಮಾರಿ ಹಾಕಿತು, ನಾವೂ ಬೇಡವೆಂದರೆ ಕೇಸು ಗ್ಯಾರಂಟಿ’ ಎನ್ನುತ್ತಾರೆ. ಇನ್ನು ಕೆಲವರು, ‘ಇದನ್ನು ಅಚ್ಚು ಹಾಕಿದರೆ ದ್ವೇಷ ಭಾಷಣದ ಅಪರಾಧವಾಗುತ್ತದೆ’ ಎನ್ನುತ್ತಾರೆ. ಸಂಘದಲ್ಲಿ ಮುಸ್ಲಿಂ ಕನ್ನಡಿಗರ ಕುಟುಂಬಗಳೂ ಇವೆ, ಜಾಹೀರಾತು ಕೊಟ್ಟವರಿಗೆ ಆಪ್ತರಾದ ಹಿರಿಯ ಸದಸ್ಯರೂ ಇದ್ದಾರೆ. ಏನು ಮಾಡಬೇಕು?

ಉತ್ತರ: ನಿಮ್ಮ ಸಮಿತಿಯ ಎರಡು ಬಣಗಳೂ ಕಾನೂನಿನ ಹೆಸರು ಹೇಳುತ್ತಿವೆ, ಆದರೆ ನಿಮಗೆ ಅನ್ವಯಿಸುವ ಕಾನೂನನ್ನು ಎರಡೂ ಹೇಳುತ್ತಿಲ್ಲ. ಒಂದು ಬಣ ಸರ್ಕಾರಿ ಸಂಸ್ಥೆಯ ಮೇಲೆ ಬಂದ ತೀರ್ಪನ್ನು ಖಾಸಗಿ ಸಂಘದ ತಲೆಗೆ ಕಟ್ಟುತ್ತಿದೆ. ಇನ್ನೊಂದು ಬಣ ಭಾರತದ ದಂಡಸಂಹಿತೆಯನ್ನು ನ್ಯೂಜೆರ್ಸಿಗೆ ತಂದುಕೊಂಡಿದೆ. ನೇರವಾಗಿ ಹೇಳುವುದಾದರೆ, ಈ ಜಾಹೀರಾತನ್ನು ನಿರಾಕರಿಸುವ ಪೂರ್ಣ ಹಕ್ಕು ನಿಮಗಿದೆ. ಅಚ್ಚು ಹಾಕಿದರೂ ಯಾರೂ ಜೈಲಿಗೆ ಹೋಗುವುದಿಲ್ಲ. ಆದರೆ ಅಚ್ಚು ಹಾಕುವುದರಲ್ಲಿ ಬೇರೆ ಎರಡು ನಿಜವಾದ ಅಪಾಯಗಳಿವೆ, ಅವೆರಡೂ ನಿಮ್ಮ ಪತ್ರದಲ್ಲಿ ನಿಮಗೆ ಅರಿವಿಲ್ಲದೆಯೇ ನಮೂದಾಗಿವೆ.

ಮೊದಲು ನ್ಯೂಯಾರ್ಕಿನ ಪ್ರಕರಣವನ್ನು ಸರಿಯಾಗಿ ನೋಡೋಣ, ಏಕೆಂದರೆ ಅದನ್ನು ಅರ್ಧಂಬರ್ಧ ಕೇಳಿದವರೇ ಹೆಚ್ಚು. ಇಸ್ಲಾಂ ವಿರೋಧಿ ಪ್ರಚಾರಕ್ಕೆ ಹೆಸರಾದ ಪಮೇಲಾ ಗೆಲ್ಲರ್ ಮುಂದಾಳತ್ವದ ‘ಅಮೆರಿಕನ್ ಫ್ರೀಡಂ ಡಿಫೆನ್ಸ್ ಇನಿಶಿಯೇಟಿವ್’ ಎಂಬ ಸಂಘಟನೆ 2011ರಲ್ಲಿ ನಗರದ ಬಸ್ಸುಗಳ ಮೇಲೆ ಒಂದು ಜಾಹೀರಾತು ಹಾಕಿಸಲು ಮುಂದಾಯಿತು. ನಾಗರಿಕ ಮನುಷ್ಯನಿಗೂ ಅನಾಗರಿಕನಿಗೂ ನಡೆಯುವ ಯಾವುದೇ ಯುದ್ಧದಲ್ಲಿ ನಾಗರಿಕನ ಪರ ನಿಲ್ಲಿ, ಇಸ್ರೇಲನ್ನು ಬೆಂಬಲಿಸಿ, ಜಿಹಾದನ್ನು ಸೋಲಿಸಿ ಎಂಬುದು ಅದರ ಸಾರ. ನಗರದ ಸಾರಿಗೆ ಪ್ರಾಧಿಕಾರವಾದ ಎಂಟಿಎ ಅದನ್ನು ತಿರಸ್ಕರಿಸಿತು. ಜನಾಂಗ, ಬಣ್ಣ, ಧರ್ಮ, ಮೂಲದೇಶ, ಲಿಂಗ, ವಯಸ್ಸು, ಅಂಗವೈಕಲ್ಯ ಮುಂತಾದ ಕಾರಣಗಳಿಗಾಗಿ ಯಾರನ್ನೂ ಹೀಗಳೆಯುವ ಜಾಹೀರಾತು ಬೇಡವೆಂಬ ನಿಯಮ ಅದರ ಬಳಿ ಇತ್ತು. ಜುಲೈ 2012ರಲ್ಲಿ ಫೆಡರಲ್ ನ್ಯಾಯಾಧೀಶ ಪಾಲ್ ಎಂಗಲ್‌ಮೇಯರ್ ಆ ನಿಯಮವನ್ನೇ ತಳ್ಳಿಹಾಕಿದರು.

ಇಲ್ಲಿ ಗಮನಿಸಬೇಕಾದದ್ದು, ಆ ಜಾಹೀರಾತು ಸಜ್ಜನಿಕೆಯದ್ದೆಂದು ನ್ಯಾಯಾಧೀಶರು ಹೇಳಲಿಲ್ಲ. ಅದು ಮುಸ್ಲಿಮರನ್ನು ಹೀಗಳೆಯುತ್ತದೆ ಎಂಬ ಎಂಟಿಎಯ ಓದನ್ನು ಅವರು ಒಪ್ಪಿಕೊಂಡರು. ಅವರ ತಕರಾರು ಇದ್ದದ್ದು ನಿಯಮದ ಆಕಾರದ ಬಗ್ಗೆ: ಧರ್ಮದ ಕಾರಣಕ್ಕೆ ಹೀಗಳೆಯಬಾರದು, ಆದರೆ ವಾಸಸ್ಥಳ, ಉದ್ಯೋಗ, ರಾಜಕೀಯ ಪಕ್ಷ, ಅಭಿಪ್ರಾಯ ಇವುಗಳ ಕಾರಣಕ್ಕೆ ಎಷ್ಟು ಬೇಕಾದರೂ ಹೀಗಳೆಯಬಹುದು ಎಂದು ಸರ್ಕಾರವೇ ವಿಷಯ ನೋಡಿ ಗೆರೆ ಎಳೆಯುತ್ತಿತ್ತು, ರಾಜಕೀಯ ಮಾತಿಗೆ ಅಷ್ಟು ಹೊತ್ತಿಗಾಗಲೇ ತೆರೆದಿಟ್ಟ ಜಾಗದಲ್ಲಿ ಹಾಗೆ ಮಾಡುವಂತಿಲ್ಲ. ಸೆಪ್ಟೆಂಬರ್ 24ರಂದು ಹತ್ತು ಸಬ್‌ವೇ ನಿಲ್ದಾಣಗಳಲ್ಲಿ ಪೋಸ್ಟರು ಅಂಟಿತು. ಮರುದಿನ ಈಜಿಪ್ಟ್ ಮೂಲದ ಪತ್ರಕರ್ತೆ ಮೋನಾ ಎಲ್ತಹಾವಿ ಟೈಮ್ಸ್ ಸ್ಕ್ವೇರ್ ನಿಲ್ದಾಣದಲ್ಲಿ ಅದಕ್ಕೆ ಗುಲಾಬಿ ಬಣ್ಣ ಸಿಂಪಡಿಸಲು ಹೋದರು, ಪೋಸ್ಟರಿನ ಪರವಾದ ಮಹಿಳೆಯೊಬ್ಬರು ಕ್ಯಾಮೆರಾ ಹಿಡಿದು ಅಡ್ಡ ನಿಂತರು, ಪೊಲೀಸರು ಎಲ್ತಹಾವಿಯವರನ್ನು ಬಂಧಿಸಿದರು. ಆ ವಿಡಿಯೊ ಜಗತ್ತೆಲ್ಲ ತಿರುಗಿತು. ಹತ್ತು ನಿಲ್ದಾಣದ ಪೋಸ್ಟರನ್ನು ಸಬ್‌ವೇ ಹತ್ತದವರೂ ನೋಡುವಂತಾಯಿತು. ಈ ಬಗೆಯ ಜಾಹೀರಾತಿನ ಲೆಕ್ಕಾಚಾರವೇ ಅದು; ಗೋಡೆಯ ಮೇಲಿನ ಜಾಗಕ್ಕಷ್ಟೇ ಹಣ ಕೊಡುತ್ತಾರೆ, ಉಳಿದ ಪ್ರಚಾರವನ್ನು ವಿರೋಧಿಸುವವರು ಪುಕ್ಕಟೆಯಾಗಿ ಮಾಡಿಕೊಡುತ್ತಾರೆ.

ಕತೆ ಅಲ್ಲಿಗೆ ಮುಗಿಯಲಿಲ್ಲ, ಮತ್ತು ನಿಮ್ಮ ಸದಸ್ಯರು ಕೇಳಿರದ ಭಾಗ ಇದೇ. ಅದೇ ಸಂಘಟನೆ ಮುಂದೆ ಇನ್ನೂ ಕಟುವಾದ ಜಾಹೀರಾತನ್ನು ತಂದಿತು. ಯಹೂದಿಗಳನ್ನು ಕೊಲ್ಲುವುದೇ ಆರಾಧನೆ ಎಂಬ ಅರ್ಥದ, ಹಮಾಸ್‌ನದೆಂದು ನಮೂದಿಸಿದ ಮಾತು ಅದರಲ್ಲಿತ್ತು. ಅದರಿಂದ ಹಿಂಸೆಯಾದೀತು ಎಂದು ಎಂಟಿಎ ವಾದಿಸಿತು. ಸ್ಯಾನ್ ಫ್ರಾನ್ಸಿಸ್ಕೊ ಮತ್ತು ಶಿಕಾಗೊದಲ್ಲಿ ಅದು ಓಡಾಡಿದಾಗ ಏನೂ ಆಗಿರಲಿಲ್ಲವೆಂದು ನ್ಯಾಯಾಧೀಶ ಜಾನ್ ಕೋಟಲ್ ಏಪ್ರಿಲ್ 2015ರಲ್ಲಿ ಆ ವಾದವನ್ನು ಒಪ್ಪಲಿಲ್ಲ. ಆ ತಿಂಗಳು ಮುಗಿಯುವುದರೊಳಗೆ ಎಂಟಿಎ ಆಡಳಿತ ಮಂಡಳಿ ರಾಜಕೀಯ ಜಾಹೀರಾತುಗಳನ್ನೆಲ್ಲ, ಯಾರ ಪರ ಯಾರ ವಿರುದ್ಧ ಎಂದು ನೋಡದೆ, ಸಾರಾಸಗಟಾಗಿ ನಿಲ್ಲಿಸಿತು. ಜೂನ್‌ನಲ್ಲಿ ಅದೇ ಕೋಟಲ್ ಅವರು, ಎಂಟಿಎ ಆ ಜಾಹೀರಾತನ್ನು ನಿರಾಕರಿಸಬಾರದೆಂದು ತಾವು ಹಿಂದೆ ಕೊಟ್ಟಿದ್ದ ತಡೆಯಾಜ್ಞೆಯನ್ನು ತೆರವು ಮಾಡಿದರು, 2016ರಲ್ಲಿ ಮೇಲ್ಮನವಿ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು. ಅಂದರೆ ಕೊನೆಗೆ ಪೋಸ್ಟರು ಅಂಟಲಿಲ್ಲ. ವಾಷಿಂಗ್ಟನ್ ಮೆಟ್ರೊ ಕೂಡ 2015ರ ಮೇ ತಿಂಗಳಲ್ಲಿ ಇದೇ ದಾರಿ ಹಿಡಿಯಿತು. ಸರ್ಕಾರಿ ಸಂಸ್ಥೆಗೂ ರಾಜಕೀಯ ಜಾಹೀರಾತನ್ನು ಬೇಡವೆನ್ನುವ ದಾರಿ ಇದೆ, ಆದರೆ ಆರಿಸಿ ಬೇಡವೆನ್ನುವಂತಿಲ್ಲ.

ನೀವಾದರೋ ಸರ್ಕಾರವೇ ಅಲ್ಲ. ವಾಕ್ ಸ್ವಾತಂತ್ರ್ಯವನ್ನು ಕಾಪಾಡುವ, ಅಮೆರಿಕದ ಸಂವಿಧಾನದ ಮೊದಲ ತಿದ್ದುಪಡಿ ಸರ್ಕಾರದ ಕೈ ಕಟ್ಟುತ್ತದೆಯೇ ಹೊರತು ಕನ್ನಡ ಸಂಘದ ಕೈಯನ್ನಲ್ಲ. ಅಮೆರಿಕದ ಸುಪ್ರೀಂ ಕೋರ್ಟು 1974ರ ಜೂನ್ 25ರಂದು, ಒಂದೇ ದಿನ, ಎರಡು ತೀರ್ಪು ಕೊಟ್ಟಿತು. ಒಂದು ಒಹಾಯೊದ ಶೇಕರ್ ಹೈಟ್ಸ್ ನಗರದ್ದು. ನಗರಸಭೆಯ ಸಾರಿಗೆ ವಾಹನಗಳಲ್ಲಿ ಅಭ್ಯರ್ಥಿಗಳ ಜಾಹೀರಾತನ್ನು ಪೂರ್ತಿ ನಿಷೇಧಿಸಿದ್ದು ಸರಿ ಎಂದಿತು. ಎರಡನೆಯದು ಮಯಾಮಿ ಹೆರಾಲ್ಡ್ ಪತ್ರಿಕೆಯದ್ದು. ಪತ್ರಿಕೆ ಟೀಕಿಸಿದ ಅಭ್ಯರ್ಥಿಯ ಉತ್ತರವನ್ನು ಪ್ರಕಟಿಸಲೇಬೇಕೆಂದು ಒತ್ತಾಯಿಸಿದ ಫ್ಲೋರಿಡಾದ ಕಾನೂನನ್ನು ಅದು ರದ್ದುಮಾಡಿತು. ಯಾವುದನ್ನು ಅಚ್ಚು ಹಾಕಬೇಕು, ಯಾವುದನ್ನು ಬಿಡಬೇಕು ಎಂಬುದು ಸಂಪಾದಕರ ವಿವೇಚನೆ, ಸರ್ಕಾರ ಅದರಲ್ಲಿ ಕೈಹಾಕುವಂತಿಲ್ಲ ಎಂಬುದು ಅದರ ತಿರುಳು. ನಿಮ್ಮ ಸ್ಮರಣ ಸಂಚಿಕೆ ನಿಂತಿರುವುದು ಈ ಎರಡನೆಯ ತೀರ್ಪಿನ ನೆರಳಿನಲ್ಲಿ. ವಾಕ್ ಸ್ವಾತಂತ್ರ್ಯದ ಹೆಸರಿನಲ್ಲಿ ನಿಮ್ಮನ್ನು ಹೆದರಿಸುತ್ತಿರುವವರಿಗೆ, ಆ ಸ್ವಾತಂತ್ರ್ಯ ಸಂಚಿಕೆಯ ಸಂಪಾದಕರಿಗೂ ಇದೆ ಎಂದು ತಿಳಿಸಿ. ಒಂದೇ ಎಚ್ಚರಿಕೆ: ನಿರಾಕರಣೆ ಜಾಹೀರಾತಿನ ಒಕ್ಕಣೆಯ ಕಾರಣಕ್ಕಿರಬೇಕು. ಕೊಟ್ಟವರ ಧರ್ಮ, ಮೂಲ ನೋಡಿ ವ್ಯವಹಾರ ನಿರಾಕರಿಸಿದಿರಿ ಎಂಬಂತೆ ಒಂದು ಇಮೇಲ್ ಸಿಕ್ಕರೂ, ನ್ಯೂಜೆರ್ಸಿಯ ತಾರತಮ್ಯ ವಿರೋಧಿ ಕಾಯ್ದೆಯ ಅಡಿ ದೂರಿಗೆ ಆಸ್ಪದವಾದೀತು. ಸಮಿತಿಯ ವಾಟ್ಸ್ಆ್ಯಪ್ ಗುಂಪಿನಲ್ಲಿ ಯಾರು ಏನು ಬರೆಯುತ್ತಿದ್ದಾರೆ ಎಂಬುದರ ಮೇಲೆ ಈಗಿನಿಂದಲೇ ಕಣ್ಣಿಡಿ.

ಈಗ ಎರಡನೆಯ ಬಣದ ಭಯ. ಭಾರತದಲ್ಲಿ ಬೆಳೆದವರಿಗೆ ಈ ಭಯ ಸಹಜ. ಅಲ್ಲಿ ಧರ್ಮದ ಆಧಾರದ ಮೇಲೆ ಗುಂಪುಗಳ ನಡುವೆ ದ್ವೇಷ ಹುಟ್ಟಿಸುವುದು ಹಿಂದೆ ಐಪಿಸಿ 153ಎ ಅಡಿಯಲ್ಲಿ ಅಪರಾಧವಾಗಿತ್ತು, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 196ನೇ ಕಲಮಿನಡಿ ಅಪರಾಧ. ಚುನಾವಣೆಯಲ್ಲಿ ಧರ್ಮದ ಹೆಸರಲ್ಲಿ ಮತ ಕೇಳುವುದು ಜನಪ್ರತಿನಿಧಿ ಕಾಯ್ದೆಯ 123ನೇ ಕಲಮಿನ ಪ್ರಕಾರ ಭ್ರಷ್ಟ ಆಚರಣೆ. 2024ರ ಲೋಕಸಭಾ ಚುನಾವಣೆಯಲ್ಲಿ ಕರ್ನಾಟಕದ ಒಂದು ಪಕ್ಷದ ರಾಜ್ಯ ಘಟಕ ಎಕ್ಸ್‌ನಲ್ಲಿ ಹಾಕಿದ್ದ, ಮೀಸಲಾತಿ ಮತ್ತು ಮುಸ್ಲಿಮರ ಕುರಿತ ಅನಿಮೇಷನ್ ವಿಡಿಯೊವನ್ನು ತೆಗೆಸಲು ಚುನಾವಣಾ ಆಯೋಗ ಆದೇಶಿಸಿದ್ದು ನಿಮಗೆ ನೆನಪಿರಬಹುದು. ಅಮೆರಿಕದಲ್ಲಿ ಇದಕ್ಕೆ ಸರಿಸಮನಾದ ಅಪರಾಧವಿಲ್ಲ. ಅಲ್ಲಿನ ಸುಪ್ರೀಂ ಕೋರ್ಟಿನ 1969ರ ಬ್ರಾಂಡೆನ್‌ಬರ್ಗ್ ತೀರ್ಪಿನ ನಂತರ, ತಕ್ಷಣದ ಕಾನೂನುಬಾಹಿರ ಕೃತ್ಯವನ್ನು ಪ್ರಚೋದಿಸುವ ಉದ್ದೇಶವೂ ಅಂಥದ್ದು ನಡೆದೇಬಿಡುವ ಸಂಭವವೂ ಇದ್ದರಷ್ಟೇ ಪ್ರಚೋದನೆಯೆಂದು ಶಿಕ್ಷಿಸಬಹುದು. ನಿಮ್ಮ ಮುಂದಿರುವ ಪುಟ ಅದರ ಹತ್ತಿರಕ್ಕೂ ಬರುವುದಿಲ್ಲ. ಹೀಗಾಗಿ ‘ಅಪರಾಧ’ ಎಂಬ ವಾದವನ್ನು ಸಭೆಯಲ್ಲಿ ಎತ್ತಬೇಡಿ. ಎದುರು ಬಣದವರು ಅದನ್ನು ಎರಡು ನಿಮಿಷದಲ್ಲಿ ಮುರಿದು, ನಿಮ್ಮ ಸರಿಯಾದ ವಾದಗಳಿಗೂ ಬೆಲೆಯಿಲ್ಲದಂತೆ ಮಾಡುತ್ತಾರೆ.

ನಿಜವಾದ ಮೊದಲ ಅಪಾಯ ಆ ನೆರಳುಚಿತ್ರ ಮತ್ತು ಅದರ ಕೆಳಗಿನ ಪ್ರಶ್ನೆ. ಧಾರ್ಮಿಕ ಉಗ್ರವಾದ ಸಾರ್ವಜನಿಕವಾಗಿ ಚರ್ಚೆಯಾಗಬೇಕಾದ ವಿಷಯವೇ. ಮೇಲಿನ ಸಾಲಷ್ಟೇ ಇದ್ದಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ಆದರೆ ಗುರುತು ಸಿಗುವ ಒಂದು ಕಟ್ಟಡ, ಸುತ್ತ ಬೆಂಕಿ, ಮೇಲೆ ಉಗ್ರವಾದ ಎಂಬ ಮಾತು, ಕೆಳಗೆ ‘ಇವರಿಗೆ ಹಣ ಎಲ್ಲಿಂದ?’ ಎಂಬ ಪ್ರಶ್ನೆ ಒಟ್ಟಿಗೆ ಬಂದಾಗ, ಈ ಮಸೀದಿಗೆ ಭಯೋತ್ಪಾದಕರ ಹಣ ಬರುತ್ತಿದೆ ಎಂಬ ಆರೋಪವನ್ನು ಓದುಗ ತಾನೇ ಪೂರ್ತಿಮಾಡಿಕೊಳ್ಳುತ್ತಾನೆ. ಪ್ರಶ್ನಾರ್ಥಕ ಚಿಹ್ನೆ ಹಾಕಿದ ಮಾತ್ರಕ್ಕೆ ಮಾನನಷ್ಟದ ಹೊಣೆ ತಪ್ಪುವುದಿಲ್ಲ, ಹೆಸರು ಹಾಕದ ಮಾತ್ರಕ್ಕೂ ತಪ್ಪುವುದಿಲ್ಲ. ಯಾರ ಬಗ್ಗೆ ಹೇಳಿದ್ದೆಂದು ಊರಿನವರಿಗೆ ತಿಳಿದರೆ ಸಾಕು.

‘ಜಾಹೀರಾತು ಅವರದು, ನಾವು ಅಚ್ಚು ಹಾಕಿದವರಷ್ಟೇ’ ಎಂಬ ಮಾತನ್ನು ಪ್ರತಿ ವರ್ಷ ಯಾವುದಾದರೊಂದು ಸಂಘದ ಖಜಾಂಚಿಯ ಬಾಯಲ್ಲಿ ಕೇಳುತ್ತೇನೆ. ಮುದ್ರಣದಲ್ಲಿ ಅದು ನಿಲ್ಲುವುದಿಲ್ಲ. ಮಾನನಷ್ಟದ ಕುರಿತು ಅಮೆರಿಕದ ಅತ್ಯಂತ ಪ್ರಸಿದ್ಧ ತೀರ್ಪು, 1964ರ ನ್ಯೂಯಾರ್ಕ್ ಟೈಮ್ಸ್ ವಿರುದ್ಧ ಸಲಿವನ್, ಹುಟ್ಟಿದ್ದೇ 1960ರಲ್ಲಿ ಆ ಪತ್ರಿಕೆಯಲ್ಲಿ ಬಂದ ಪೂರ್ಣ ಪುಟದ ರಾಜಕೀಯ ಜಾಹೀರಾತಿನಿಂದ. ಪತ್ರಿಕೆ ಗೆದ್ದದ್ದು ‘ಅದು ಜಾಹೀರಾತು’ ಎಂಬ ಕಾರಣಕ್ಕಲ್ಲ. ಸಾರ್ವಜನಿಕ ಅಧಿಕಾರಿಯ ವಿಷಯದಲ್ಲಿ ಸುಳ್ಳೆಂದು ತಿಳಿದೋ ಸತ್ಯಾಸತ್ಯವನ್ನು ಲೆಕ್ಕಿಸದೆಯೋ ಪ್ರಕಟಿಸಿದ್ದೆಂದು ಸಾಬೀತಾಗಬೇಕು ಎಂಬ ಹೊಸ ಅಳತೆಗೋಲಿನ ಕಾರಣಕ್ಕೆ. ಆ ಮಸೀದಿಯವರು ಅಧಿಕಾರಿಗಳಲ್ಲ, ಆದ್ದರಿಂದ ಅಷ್ಟು ದೊಡ್ಡ ರಕ್ಷಣೆ ನಿಮಗೆ ಸಿಗುತ್ತದೆಂದು ನಂಬಿ ಕೂರಬೇಡಿ. ಮೇಲಾಗಿ ಸಮಿತಿಯಲ್ಲಿ ಇಷ್ಟು ಚರ್ಚೆಯಾದ ಮೇಲೆ, ನಮಗೆ ಏನೂ ಗೊತ್ತಿರಲಿಲ್ಲ ಎನ್ನುವುದೂ ಸಾಧ್ಯವಿಲ್ಲ.

ಎರಡನೆಯ ಅಪಾಯ ತೆರಿಗೆಯದು. 1954ರಿಂದ 501(ಸಿ)(3) ಸಂಸ್ಥೆಗಳು ಯಾವುದೇ ಅಭ್ಯರ್ಥಿಯ ಪರ ಅಥವಾ ವಿರುದ್ಧ ಪ್ರಚಾರದಲ್ಲಿ ತೊಡಗುವಂತಿಲ್ಲ. ಜಾಹೀರಾತಿನಲ್ಲಿ ಅಭ್ಯರ್ಥಿಯ ಹೆಸರಿಲ್ಲ ಎಂದು ನಿಮ್ಮ ಹಿರಿಯ ಸದಸ್ಯರು ಹೇಳಬಹುದು. ತೆರಿಗೆ ಇಲಾಖೆ ಹೆಸರನ್ನಷ್ಟೇ ಹುಡುಕುವುದಿಲ್ಲ. ಮತದಾನಕ್ಕೆ ಎಷ್ಟು ಹತ್ತಿರದಲ್ಲಿ ಬಂದಿದೆ, ಮತ ಹಾಕುವ ಪ್ರಸ್ತಾಪವಿದೆಯೇ, ಈ ವಿಷಯದಲ್ಲಿ ಅಭ್ಯರ್ಥಿಗಳ ನಡುವೆ ಭೇದ ತೋರಿಸುತ್ತಿದೆಯೇ ಎಂಬ ಸಂದರ್ಭವನ್ನೆಲ್ಲ ಕೂಡಿಸಿ ನೋಡುತ್ತದೆ. ರಾಜ್ಯೋತ್ಸವವೂ ಇಲ್ಲಿಯ ಚುನಾವಣೆಯೂ ನವೆಂಬರ್‌ನ ಆರಂಭದಲ್ಲೇ ಬೀಳುವುದರಿಂದ ನಿಮ್ಮ ಸಂಚಿಕೆಗೆ ಈ ತೊಂದರೆ ಪ್ರತಿ ವರ್ಷ ಇದ್ದೇ ಇದೆ. ಜಾಗವನ್ನು ಎಲ್ಲ ಅಭ್ಯರ್ಥಿಗಳಿಗೂ ಒಂದೇ ದರದಲ್ಲಿ, ಒಂದೇ ಷರತ್ತಿನಲ್ಲಿ ಮಾರುವ ರೂಢಿಯಿದ್ದರೆ ಅದನ್ನು ವ್ಯವಹಾರವೆಂದು ಪರಿಗಣಿಸುವ ಅವಕಾಶ ಇದೆ. ಒಬ್ಬರಿಗೆ ಮಾತ್ರ ಕೊಟ್ಟು ಇನ್ನೊಬ್ಬರನ್ನು ಕೇಳದೇ ಇದ್ದರೆ ಇಲ್ಲ. ನಿಮ್ಮ ಸಿಪಿಎ (ಲೆಕ್ಕಪರಿಶೋಧಕ) ಅವರನ್ನು ಒಮ್ಮೆ ಕೇಳಿ, ಏಕೆಂದರೆ ಪ್ರಾಯೋಜಕರಿಗೆ ಕೃತಜ್ಞತೆ ಹೇಳುವ ಸಾಲಿಗೂ ಹೀಗೆ ಕರೆಕೊಡುವ ಜಾಹೀರಾತಿಗೂ ತೆರಿಗೆಯ ಲೆಕ್ಕ ಬೇರೆ.

ಹಾಗಾದರೆ ದಾರಿಗಳೇನು? ಇದ್ದಂತೆಯೇ ಅಚ್ಚು ಹಾಕುವುದನ್ನು ನಾನು ಸಲಹೆ ಮಾಡುವುದಿಲ್ಲ, ಕಾರಣಗಳನ್ನು ಹೇಳಿದ್ದೇನೆ. ಅಡಿಯಲ್ಲಿ ‘ಇದು ಹಣ ಪಡೆದು ಪ್ರಕಟಿಸಿದ ಜಾಹೀರಾತು, ಸಂಘದ ಅಭಿಪ್ರಾಯವಲ್ಲ’ ಎಂದು ಸಣ್ಣ ಅಕ್ಷರದಲ್ಲಿ ಹಾಕಿ ಮುಗಿಸೋಣ ಎಂಬ ಸಂಧಾನದ ಮಾತು ಖಂಡಿತ ಬರುತ್ತದೆ. 2012ರ ಸೋಲಿನ ನಂತರ ಎಂಟಿಎ ಮಾಡಿದ್ದೂ ಅದನ್ನೇ. ಯಾರ ಅಭಿಪ್ರಾಯ ಎಂಬ ಗೊಂದಲವನ್ನು ಅಂಥ ಸಾಲು ಕಡಿಮೆ ಮಾಡುತ್ತದೆ, ಮಾನನಷ್ಟವನ್ನಾಗಲಿ ತೆರಿಗೆಯ ತೊಂದರೆಯನ್ನಾಗಲಿ ಕಡಿಮೆ ಮಾಡುವುದಿಲ್ಲ. ಇನ್ನು ನಿಮ್ಮ ಮುಸ್ಲಿಂ ಸದಸ್ಯರ ಮಕ್ಕಳು ತಾವು ಕುಣಿದ ಡೊಳ್ಳು ಕುಣಿತದ ಫೋಟೊ ಹುಡುಕುತ್ತಾ ಪುಟ ತಿರುವಿದಾಗ ಕಾಣುವುದು ಬೆಂಕಿಯ ಚಿತ್ರ, ಅಡಿಯ ಸಾಲಲ್ಲ.

ಎದುರು ಪುಟದಲ್ಲಿ ಸೌಹಾರ್ದದ ಜಾಹೀರಾತು ಹಾಕೋಣ ಎನ್ನುವವರೂ ಇರುತ್ತಾರೆ. ಇದಕ್ಕೂ ಪೂರ್ವನಿದರ್ಶನವಿದೆ. 2012ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಸಾರಿಗೆ ಸಂಸ್ಥೆ ಗೆಲ್ಲರ್ ಜಾಹೀರಾತಿನ ಪಕ್ಕದಲ್ಲೇ ಅದನ್ನು ಖಂಡಿಸುವ ತನ್ನದೇ ಜಾಹೀರಾತು ಹಾಕಿ, ಬಂದ ಹಣವನ್ನು ನಗರದ ಮಾನವ ಹಕ್ಕುಗಳ ಆಯೋಗಕ್ಕೆ ಕೊಡಲು ನಿರ್ಧರಿಸಿತು. ನ್ಯೂಯಾರ್ಕಿನಲ್ಲಿ ಯಹೂದಿ ಧರ್ಮಗುರುಗಳ ಮತ್ತು ಕ್ರೈಸ್ತರ ಗುಂಪುಗಳು ಮುಸ್ಲಿಂ ನೆರೆಹೊರೆಯವರ ಪರ ಪೋಸ್ಟರು ಹಾಕಿಸಿದವು. ಅವೆಲ್ಲ ಒಳ್ಳೆಯ ಕೆಲಸಗಳೇ, ಆದರೆ ನಿರಾಕರಿಸುವ ದಾರಿ ಮುಚ್ಚಿದ್ದ ಕಡೆ ಮಾಡಿದ ಕೆಲಸಗಳು. ಜೊತೆಗೆ ಉತ್ತರಕ್ಕೆ ಪ್ರತ್ಯುತ್ತರ ಬೆಳೆಯುತ್ತದೆ. ಜಿಹಾದ್ ಎಂದರೆ ತಮ್ಮ ದಿನನಿತ್ಯದ ಒಳ್ಳೆಯತನದ ಹೋರಾಟವೆಂದು ಸಾರುತ್ತ ಶಿಕಾಗೊದ ಮುಸ್ಲಿಮರು 2012ರ ಕೊನೆಯಲ್ಲಿ ಬಸ್ಸುಗಳ ಮೇಲೆ ನಗುಮುಖಗಳ ಜಾಹೀರಾತು ಹಾಕಿಸಿದರು. ನಾನು ಮೇಲೆ ಹೇಳಿದ ಹಮಾಸ್ ಪೋಸ್ಟರು ಅದೇ ವಿನ್ಯಾಸವನ್ನು ಅಣಕಿಸಿ ಹುಟ್ಟಿದ್ದು. ನಿಮ್ಮ ಸಂಚಿಕೆ ಆ ಅಖಾಡವಾಗುವ ಅಗತ್ಯವಿಲ್ಲ.

ಚಿತ್ರ ಮತ್ತು ಹಣದ ಪ್ರಶ್ನೆ ತೆಗೆದು, ಮತದ ಸಾಲನ್ನೂ ಬಿಟ್ಟು ಕೊಡಿ ಎಂದು ಕೇಳಬಹುದು. ಅವರು ಒಪ್ಪುವ ಸಂಭವ ಕಡಿಮೆ. ಅಷ್ಟು ತೆಗೆದರೆ ಅವರು ಹಣ ಕೊಟ್ಟ ಉದ್ದೇಶವೇ ಉಳಿಯುವುದಿಲ್ಲ.

ನನ್ನ ಒಲವು ರಾಜಕೀಯ ಜಾಹೀರಾತುಗಳನ್ನೆಲ್ಲ ಬಿಟ್ಟುಬಿಡುವ ನಿಯಮದ ಕಡೆಗಿದೆ. ಕಾನೂನು ನಿಮ್ಮಿಂದ ಇದನ್ನು ಕೇಳುವುದಿಲ್ಲ, ಇದೊಂದನ್ನೇ ನಿರಾಕರಿಸಲು ನೀವು ಸ್ವತಂತ್ರರು. ಆದರೆ ಇದೊಂದನ್ನೇ ಬಿಟ್ಟರೆ, ಕಳೆದ ವರ್ಷ ಸ್ಥಳೀಯ ಅಭ್ಯರ್ಥಿಯ ಶುಭಾಶಯದ ಜಾಹೀರಾತು ಹೇಗೆ ಬಂತು ಎಂದು ಆ ಹಿರಿಯರು ಕೇಳುತ್ತಾರೆ, ಮತ್ತು ಅವರ ಪ್ರಶ್ನೆ ನ್ಯಾಯವಾದದ್ದೇ. ಇದರ ಬೆಲೆ ನಿಮಗೆ ಇಷ್ಟವಾದ ಜಾಹೀರಾತುಗಳನ್ನೂ ಬಿಡುವುದು: ಶಾಸಕರ ಶುಭಾಶಯ, ವಲಸೆ ಕಾನೂನಿನ ಬಗ್ಗೆ ಪತ್ರ ಬರೆಯಿರಿ ಎಂಬ ಕರೆ, ಎಲ್ಲವನ್ನೂ. ಆ ಬೆಲೆ ಕೊಡಲು ಸಮಿತಿ ಸಿದ್ಧವಿಲ್ಲದಿದ್ದರೆ ಈ ದಾರಿ ಹಿಡಿಯಬೇಡಿ.

ನಿಯಮ ಬರೆಯುವಾಗ ‘ರಾಜಕೀಯ’ ಎಂಬ ಒಂದೇ ಪದ ಹಾಕಿ ಕೈಬಿಡಬೇಡಿ. ಎಂಟಿಎ ತನ್ನ ಹೊಸ ನಿಯಮದಡಿ, ಮುಸ್ಲಿಮರ ಬಗೆಗಿನ ಪೂರ್ವಗ್ರಹವನ್ನು ತಮಾಷೆ ಮಾಡುವ ಇಬ್ಬರು ಹಾಸ್ಯಗಾರರ ಪೋಸ್ಟರುಗಳನ್ನೂ ರಾಜಕೀಯವೆಂದು ತಿರಸ್ಕರಿಸಿ, ಅಕ್ಟೋಬರ್ 2015ರಲ್ಲಿ ನ್ಯಾಯಾಧೀಶೆ ಕಾಲೀನ್ ಮೆಕ್‌ಮಹೋನ್ ಅವರ ಮುಂದೆ ಸೋತಿತು. ಮತಗಟ್ಟೆಯೊಳಗೆ ‘ರಾಜಕೀಯ’ ಬಟ್ಟೆ ಧರಿಸಬಾರದೆಂಬ ಮಿನೆಸೋಟಾದ ನಿಯಮವನ್ನು 2018ರಲ್ಲಿ ಸುಪ್ರೀಂ ಕೋರ್ಟು ರದ್ದುಮಾಡಿದ್ದೂ ಆ ಪದಕ್ಕೆ ಗಡಿಯಿಲ್ಲವೆಂಬ ಕಾರಣಕ್ಕೆ. ನಿಮ್ಮ ಮೇಲೆ ಆ ತೀರ್ಪುಗಳ ಒತ್ತಾಯವಿಲ್ಲ, ಆದರೆ ಜಗಳ ಹುಟ್ಟುವ ಜಾಗ ಅದೇ. ನಾನು ಸಂಘಗಳಿಗೆ ಬರೆದುಕೊಡುವ ಒಕ್ಕಣೆ ಸುಮಾರಾಗಿ ಹೀಗಿರುತ್ತದೆ: ‘ಯಾವುದೇ ಅಭ್ಯರ್ಥಿ, ರಾಜಕೀಯ ಪಕ್ಷ, ಮತಪತ್ರದಲ್ಲಿರುವ ಪ್ರಸ್ತಾವ, ಅಥವಾ ಶಾಸನಸಭೆಯ ಮುಂದಿರುವ ಮಸೂದೆಯ ಪರ ಅಥವಾ ವಿರುದ್ಧ ಕರೆಕೊಡುವ, ಯಾವುದೇ ಧರ್ಮ ಅಥವಾ ಧಾರ್ಮಿಕ ಸಂಸ್ಥೆಯನ್ನು ಟೀಕಿಸುವ, ಗುರುತಿಸಬಹುದಾದ ವ್ಯಕ್ತಿ ಅಥವಾ ಸಂಸ್ಥೆಯ ಮೇಲೆ ಆರೋಪ ಹೊರಿಸುವ ಜಾಹೀರಾತುಗಳನ್ನು ಸ್ವೀಕರಿಸುವುದಿಲ್ಲ. ಜಾಹೀರಾತನ್ನು ಸಮಿತಿ ಅನುಮೋದಿಸುವವರೆಗೆ ಒಪ್ಪಂದ ಏರ್ಪಟ್ಟಂತಲ್ಲ.’ ಇದನ್ನು ಕಾರ್ಯಕಾರಿ ಸಮಿತಿಯಲ್ಲಿ ಠರಾವು ಮಾಡಿ, ನಡಾವಳಿ ಪುಸ್ತಕದಲ್ಲಿ ದಾಖಲಿಸಿ, ಜಾಹೀರಾತು ದರಪಟ್ಟಿಯ ಅಡಿಯಲ್ಲೇ ಮುದ್ರಿಸಿ.

ಚೆಕ್ಕಿನ ವಿಷಯ ಇವೆಲ್ಲಕ್ಕಿಂತ ತುರ್ತು. ಅದನ್ನು ಬ್ಯಾಂಕಿಗೆ ಹಾಕಿಲ್ಲವೆಂದು ಖಜಾಂಚಿಯವರಿಂದ ಇಂದೇ ಖಚಿತಪಡಿಸಿಕೊಳ್ಳಿ. ಜಮಾ ಮಾಡಿ ‘ಪುಟ ಕಾದಿರಿಸಿದ್ದೇವೆ’ ಎಂದು ಯಾರಾದರೂ ಬರೆದಿದ್ದರೆ ಒಪ್ಪಂದ ಏರ್ಪಟ್ಟಿದೆ ಎಂದು ಅವರು ವಾದಿಸಬಹುದು. ಬೇಡವೆಂದದ್ದಕ್ಕೆ ಅವರಿಂದ ನಿಮ್ಮ ಮೇಲೆ ಬರಬಹುದಾದ ನಿಜವಾದ ಮೊಕದ್ದಮೆ ಮುಖ್ಯವಾಗಿ ಅದೇ, ಅದಕ್ಕೂ ಸಂವಿಧಾನಕ್ಕೂ ಸಂಬಂಧವಿಲ್ಲ. ಹಾಗೇನಾದರೂ ಆಗಿದ್ದರೆ ಉತ್ತರ ಬರೆಯುವ ಮೊದಲು ನಿಮ್ಮ ರಾಜ್ಯದ ವಕೀಲರೊಬ್ಬರಿಗೆ ಕಾಗದಪತ್ರ ತೋರಿಸಿ. ಆಗಿಲ್ಲದಿದ್ದರೆ ಚೆಕ್ಕನ್ನು ರಿಜಿಸ್ಟರ್ಡ್ ಅಂಚೆಯಲ್ಲಿ ಹಿಂದಿರುಗಿಸಿ, ಜೊತೆಗೆ ‘ನಮ್ಮ ಜಾಹೀರಾತು ನಿಯಮಕ್ಕೆ ಇದು ಹೊಂದುವುದಿಲ್ಲವಾದ್ದರಿಂದ ಸ್ವೀಕರಿಸಲಾಗುತ್ತಿಲ್ಲ’ ಎಂಬ ಒಂದೇ ಸಾಲು ಬರೆಯಿರಿ. ಕೊಟ್ಟವರ ಉದ್ದೇಶದ ವಿಶ್ಲೇಷಣೆ, ಖಂಡನೆ, ಉಪದೇಶ ಯಾವುದೂ ಬೇಡ. ಸಂಘದ ಫೇಸ್‌ಬುಕ್ ಪುಟದಲ್ಲಿ ‘ನಾವು ನಿರಾಕರಿಸಿದೆವು’ ಎಂಬ ಪ್ರಕಟಣೆಯೂ ಬೇಡ, ಏಕೆಂದರೆ ಅದರ ಜೊತೆ ಯಾರಾದರೊಬ್ಬರು ಜಾಹೀರಾತಿನ ಚಿತ್ರವನ್ನೂ ಹಾಕುತ್ತಾರೆ, ಮತ್ತು ನಿಮ್ಮ ಸಂಚಿಕೆಯ ಕೆಲವು ನೂರು ಪ್ರತಿಗಳಿಗೆ ಸಿಗದಿದ್ದ ಓದುಗರು ಆಗ ಅದಕ್ಕೆ ಸಿಗುತ್ತಾರೆ. ಆ ಹಿರಿಯ ಸದಸ್ಯರಿಗೆ ಮಾತ್ರ ಪತ್ರ ಹೋಗುವ ಮೊದಲು ಅಧ್ಯಕ್ಷರೇ ಫೋನ್ ಮಾಡಿ ವಿಷಯ ತಿಳಿಸಲಿ, ನಿಯಮದ ಪ್ರತಿಯನ್ನೂ ಕಳಿಸಲಿ.